ಮರ್ಯಾದೆ ಹತ್ಯೆ ನಮ್ಮ ರೂಢಿಯಾ, ಬ್ರಿಟಿಷರ ಕಾನೂನಾ?

"ಮರ್ಯಾದೆ ಹತ್ಯೆ ನಮ್ಮ ಹಳೇ ರೂಢಿಯಾ, ಇಲ್ಲಾ ಬ್ರಿಟಿಷರು ಬಿಟ್ಟುಹೋದ ಕಾನೂನಿನ ಫಲವಾ?" ಅಂತ ಕೇಳಿದ್ದೀರಿ. ನಾನು ಕೋರ್ಟಿಗೆ ಓಡಾಡುವ ವಕೀಲೆ. ಕಂಡಷ್ಟು ಹೇಳುತ್ತೇನೆ.

ಕೊಲ್ಲುವುದನ್ನು ಬ್ರಿಟಿಷರು ಕಲಿಸಲಿಲ್ಲ. ಜಾತಿ ಮೀರಿ ಮದುವೆಯಾದ ಮಗಳನ್ನು ಮುಗಿಸೋಕೆ ಯಾವ ಅಪ್ಪನೂ ಲಂಡನ್ನಿನ ಅಪ್ಪಣೆ ಕಾಯಲಿಲ್ಲ. ಅವರು ಮಾಡಿದ್ದು ಬೇರೆ. ಗಂಡಸಿನ ಸಿಟ್ಟಿಗೆ ಕಾನೂನಿನಲ್ಲಿ ಒಂದು ಕುರ್ಚಿ ಹಾಕಿಕೊಟ್ಟರು.

1860ರ ದಂಡ ಸಂಹಿತೆಯ 300ನೇ ಸೆಕ್ಷನ್ ಕೊಲೆ ಅಂದರೇನು ಅಂತ ಹೇಳುತ್ತಿತ್ತು. ಅದರ ಮೊದಲ ವಿನಾಯಿತಿ ಹೀಗಿತ್ತು: ಗಂಭೀರವಾದ, ಹಠಾತ್ ಪ್ರಚೋದನೆಯಿಂದ ಹತೋಟಿ ತಪ್ಪಿ ಕೊಂದರೆ ಅದು ಕೊಲೆಯಲ್ಲ, ಅದಕ್ಕಿಂತ ಸಣ್ಣ ಅಪರಾಧ. ಓದೋಕೆ ಗಂಡು ಹೆಣ್ಣು ಇಬ್ಬರಿಗೂ ಒಂದೇ. ಆದರೆ ಬೇರು ಇಂಗ್ಲೆಂಡಿನ ಹಳೇ ತೀರ್ಪುಗಳಲ್ಲಿದೆ. 1707ರಲ್ಲಿ ಅಲ್ಲಿನ ಮುಖ್ಯ ನ್ಯಾಯಮೂರ್ತಿ ಹೋಲ್ಟ್, ವ್ಯಭಿಚಾರ ಅಂದರೆ ಗಂಡನ ಆಸ್ತಿಗೆ ಬೇರೆಯವನು ಕೈಹಾಕಿದ ಹಾಗೆ ಅನ್ನುವ ಅರ್ಥದಲ್ಲಿ ಹೇಳಿದ್ದರು. ಆಸ್ತಿ! ಬದು ಒತ್ತಿದ ಹಾಗೆ. ನಮ್ಮ ಸಂಹಿತೆಯಲ್ಲಿ ವ್ಯಭಿಚಾರದ 497ನೇ ಸೆಕ್ಷನ್ ಕೂಡ ಇದೇ ಲೆಕ್ಕ. ದೂರು ಕೊಡುವ ಹಕ್ಕು ಗಂಡನಿಗೆ. ಅದು ಬಿದ್ದದ್ದು 2018ರಲ್ಲಿ.

ಮರ್ಯಾದೆ ಹತ್ಯೆ ಹೆಚ್ಚಾಗಿ ಹೊಂಚು ಹಾಕಿ ಮಾಡುವಂಥದ್ದು. ಅದಕ್ಕೆ ಈ ವಿನಾಯಿತಿ ಸಿಗಬಾರದು. ನೌಕಾಪಡೆಯ ಅಧಿಕಾರಿ ನಾನಾವತಿ ಹೆಂಡತಿಯ ಪ್ರಿಯಕರನನ್ನು ಕೊಂದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1961ರಲ್ಲೇ ಅದನ್ನು ಹೇಳಿದೆ: ವಿಷಯ ಗೊತ್ತಾಗಿ ಮೂರು ಗಂಟೆ ಕಳೆದಿತ್ತು, ಸಿಟ್ಟು ಆರೋಕೆ ಅಷ್ಟು ಸಾಕು. ಆದರೂ "ಹೆತ್ತವರ ಸಂಕಟ ನೋಡಿ ಸ್ವಾಮಿ" ಅನ್ನುವ ವಾದ ನಾನು ಎಷ್ಟೋ ಸಲ ಕೇಳಿದ್ದೇನೆ. ಹುಡುಗಿಯ ಸಂಕಟ ಹೇಳೋಕೆ ಅವಳೇ ಇರಲ್ಲ, ಅಲ್ವಾ.

ತಮಾಷೆ ನೋಡಿ. ಇಂಗ್ಲೆಂಡ್ ಆ ಹಳೇ ವಿನಾಯಿತಿಯನ್ನು 2010ರಲ್ಲಿ ಕೈಬಿಟ್ಟಿತು. ಅದರ ಜಾಗಕ್ಕೆ ಬಂದ ಹೊಸ ನಿಯಮದಲ್ಲಿ ದಾಂಪತ್ಯದ ದ್ರೋಹವೊಂದೇ ನೆಪವಾಗಲ್ಲ. ನಾವು 2024ರ ಜುಲೈನಲ್ಲಿ ಹೊಸ ಸಂಹಿತೆ ಜಾರಿಗೆ ತಂದೆವು. ಹಳೇ ವಿನಾಯಿತಿ 101ನೇ ಸೆಕ್ಷನ್ನಿನಲ್ಲಿ ಹಾಗೇ ಕೂತಿದೆ.

ಹಾಗಂತ ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟೋಕಾಗಲ್ಲ. ಪಾಕಿಸ್ತಾನ 1990ರಲ್ಲಿ ಇದೇ ವಿನಾಯಿತಿ ತೆಗೆದು, ಸತ್ತವರ ವಾರಸುದಾರರು ಕೊಲೆಗಾರನನ್ನು ಕ್ಷಮಿಸಬಹುದು ಅಂತ ಮಾಡಿತು. ಕೊಂದವನು ಮಗ, ಕ್ಷಮಿಸುವವರು ಅಪ್ಪ ಅಮ್ಮ. ಅಲ್ಲಿನ ಸೋಷಿಯಲ್ ಮೀಡಿಯಾ ತಾರೆ ಖಂದೀಲ್ ಬಲೋಚ್ ಕೊಲೆಯಾದ 2016ರಲ್ಲೇ ಕಾನೂನು ತಿದ್ದಿದರು. ಆದರೂ ಆ ಕೇಸಿನಲ್ಲಿ ಶಿಕ್ಷೆಯಾಗಿದ್ದ ಅವಳ ಸಹೋದರ 2022ರಲ್ಲಿ ಜೈಲಿನಿಂದ ಹೊರಬಂದ.

(ನಮ್ಮ ಪತ್ರಿಕೆಗಳು 'ಮರ್ಯಾದೆಗೇಡು ಹತ್ಯೆ' ಅಂತಲೂ ಬರೆಯುತ್ತವೆ. ಆ ಪದವೇ ಸರಿ.)

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ಹಳೇ ಕಾಗದ: ಮದುವೆ ನೋಟಿಸು, ಅಂದರೆ ಮದುವೆಗೆ ಮುಂಚೆ ಜೋಡಿ ಕಚೇರಿಗೆ ಕೊಡಬೇಕಾದ, ಎಲ್ಲರಿಗೂ ಕಾಣುವ ನೋಟಿಸು. 1872ರ ಮದುವೆ ಕಾಯ್ದೆಯಲ್ಲಿ ನೋಟಿಸು ಕೊಟ್ಟು 14 ದಿನ ಕಾಯಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ನಾವೇ ಅದನ್ನು 30 ದಿನ ಮಾಡಿದೆವು. ಖಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಅಲ್ಲಿನ ಕಚೇರಿಗೂ ಒಂದು ಪ್ರತಿ ಹೋಗುತ್ತದೆ. ಅಂದರೆ ಯಾರಿಂದ ತಪ್ಪಿಸಿಕೊಂಡು ಬಂದಿದ್ದಾಳೋ ಅವರ ಬಾಗಿಲಿಗೇ. ಉತ್ತರ ಪ್ರದೇಶದಲ್ಲಿ 2021ರಲ್ಲಿ ಹೈಕೋರ್ಟ್, ಜೋಡಿ ಕೇಳಿದರೆ ಮಾತ್ರ ಪ್ರಕಟಿಸಿ ಅಂದಿತು.

ಒಮ್ಮೆ ಗೆಳತಿಯ ಜೊತೆ ಕಚೇರಿಗೆ ಹೋಗಿದ್ದೆ. ಗೋಡೆಯ ಬೋರ್ಡಿನಲ್ಲಿ ಅವಳ ಫೋಟೊ, ವಯಸ್ಸು, ಕೆಲಸ, ಮನೆ ವಿಳಾಸ. ಪಕ್ಕದಲ್ಲಿ ನಿಂತಿದ್ದವನೊಬ್ಬ ಸುಮ್ನೆ ಮೊಬೈಲ್ ತೆಗೆದು ಬೋರ್ಡಿನ ಫೋಟೊ ಹೊಡೆದ. ಗುಮಾಸ್ತರನ್ನು ಕೇಳಿದೆ. "ಕಾನೂನಮ್ಮಾ, ಹಾಕಲೇಬೇಕು" ಅಂದರು. ಆ 30 ದಿನ ಅವಳು ನಮ್ಮ ಮನೆಯಲ್ಲಿದ್ದಳು. ಕಾಲಿಂಗ್ ಬೆಲ್ ಆದಾಗೆಲ್ಲ ಎದ್ದು ಹಿಂದಿನ ರೂಮಿಗೆ ಹೋಗಿಬಿಡುತ್ತಿದ್ದಳು.