ಸಣ್ಣ ಬಂಡಿಗೆ ಊರ ಕಡೆಯವರಿಂದ ತಟ್ಟು (ಸಣ್ಣ ಜಾತಿ ಕುದುರೆ) ಕೊಳ್ಳುವಾಗ ಏನು ನೋಡಬೇಕು?

ಹುಮನಾಬಾದ್ ಹತ್ರ ತೋಟ ಇದೆ, ಮೇವು ತರಕಾರಿ ಸಾಗಿಸೋಕೆ ಸಣ್ಣ ಬಂಡಿಗೊಂದು ತಟ್ಟು ಬೇಕು, ನಮ್ಮ ಕಡೆಯವರ ಹತ್ರವೇ ಕೊಳ್ಳಬೇಕು ಅಂತ ಕೇಳಿದ್ದೀರಿ. ನಾನು ಬೀದರ್‌ನವನು. ನಮ್ಮ ಮನೆಯಲ್ಲಿ ಟಾಂಗಾ ಇತ್ತು, ಈಗಲೂ ಯಾರಾದರೂ ಕುದುರೆ ನೋಡೋಕೆ ಹೊರಟರೆ ಜೊತೆಗೆ ಕರೆಯುತ್ತಾರೆ.

ದುಡಿಯುವ ತಟ್ಟು ಬೇಕಾದರೆ ಅದನ್ನು ದುಡಿಸುತ್ತಿರುವವರ ಹತ್ರ ಹೋಗಿ. ದಲ್ಲಾಳಿಗಳ ಕಣ್ಣೆಲ್ಲ ಈಗ ಮದುವೆ ಮೆರವಣಿಗೆ ಮೇಲೆ. ಅಲ್ಲಿ ರೇಟು ಏರುವುದು ಎತ್ತರಕ್ಕೆ, ಬಣ್ಣಕ್ಕೆ, ಸುಳಿಗೆ. ನಾಲ್ಕು ಕಾಲೂ ಮುಖವೂ ಬಿಳಿ ಇರುವ ಪಂಚಕಲ್ಯಾಣಿ ಅಂದರೆ ಒಂದು ರೇಟು, ಮೈಯೆಲ್ಲ ಬಿಳಿ ಇರುವ ನುಕ್ರಾ ಅಂದರೆ ಇನ್ನೊಂದು. ಬಂಡಿಗೆ ಇದ್ಯಾವುದೂ ಬೇಡ. ನುಕ್ರಾದ ಗುಲಾಬಿ ಚರ್ಮಕ್ಕೆ ನಮ್ಮ ಬಿಸಿಲು ಆಗಿಬರುವುದೂ ಇಲ್ಲ. ಅವರು ಬೇಡವೆಂದು ಬಿಟ್ಟ 50 ಇಂಚು ಎತ್ತರದ ಕಂದು ತಟ್ಟು ಇರುತ್ತಲ್ಲ, ಅಗಲ ಎದೆ, ಗಿಡ್ಡ ಬೆನ್ನು, ದಪ್ಪ ಮೂಳೆಯ ಕಾಲು, ಅದೇ ನಿಮ್ಮದು.

ಕುರಿಗಾರರು ಸಾಮಾನು ಹೇರುವ ಭೀಮಥಡಿ ಕುದುರೆಯೂ ಇಂಥದ್ದೇ ಗಟ್ಟಿ ಜೀವ. 2023ರಲ್ಲಿ ಅದನ್ನು ಪ್ರತ್ಯೇಕ ತಳಿ ಅಂತ ನೋಂದಾಯಿಸಿದ್ದಾರೆ. ಆದರೆ ಅದಕ್ಕೆ ಹೇರು ಹೊತ್ತು ರೂಢಿ, ಬಂಡಿ ಎಳೆದು ಅಲ್ಲ. ಕಲಿಸೋಕೆ ಪುರುಸೊತ್ತು ಇದ್ದರೆ ಮಾತ್ರ ಕೈ ಹಾಕಿ.

ರೇಟಿನ ಮಾತು ತೆಗೆಯುವ ಮೊದಲೇ ಬಂಡಿ ಕಟ್ಟಿಸಿ, ಮೂರ್ನಾಲ್ಕು ಚೀಲ ಜೋಳ ಹಾಕಿಸಿ. ಕಟ್ಟುವಾಗ ಸುಮ್ಮನೆ ನಿಲ್ಲಬೇಕು. ಹೊರಡುವಾಗ ಜಿಗಿಯದೆ ಭಾರಕ್ಕೆ ಎದೆ ಕೊಡಬೇಕು. ಹಿಂದಕ್ಕೆ ಸರಿ ಅಂದರೆ ಸರಿಯಬೇಕು. ಲಾರಿ ಹಾರ್ನ್ ಹೊಡೆಯುವ ರಸ್ತೆಗೂ ಕರೆದೊಯ್ಯಿರಿ. "ಇವತ್ತು ಬಂಡಿ ಇಲ್ಲ, ನಾಳೆ ಬನ್ನಿ" ಅಂದರೆ ನಾಳೆಯೇ ಹೋಗಿ, ದುಡ್ಡು ಇವತ್ತು ಕೊಡಬೇಡಿ. ಎದೆಪಟ್ಟಿ ಕೂರುವ ಜಾಗದ ಕೂದಲು ಕೈಯಲ್ಲಿ ಸರಿಸಿ ನೋಡಿ. ಕಂದು ಮೈಮೇಲೆ ಅಲ್ಲಿ ಮಾತ್ರ ಬಿಳಿ ಕೂದಲ ಮಚ್ಚೆ ಇದ್ದರೆ ಹಿಂದೆ ಪಟ್ಟಿ ಉಜ್ಜಿ ಹುಣ್ಣಾಗಿ ಮಾಯ್ದಿದೆ ಅಂತ. ಅದು ದುಡಿದದ್ದಂತೂ ಹೌದು. ನಿಮ್ಮ ಪಟ್ಟಿ ಮೆತ್ತಗಿರಲಿ, ಅಷ್ಟೇ.

ಆಮೇಲೆ ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು ಓಡಿಸಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ. ಹಗ್ಗ ಬಿಗಿಹಿಡಿದು ಓಡಿಸುವವರು ಮುಚ್ಚಿಡುವುದು ಇದನ್ನೇ. ವಯಸ್ಸು ಕೇಳಿದರೆ ಎಲ್ಲರೂ "ಆರು" ಅನ್ನುತ್ತಾರೆ! ಬಾಯಿ ತೆರೆಸಿ, ಮೇಲಿನ ಸಾಲಿನ ಕೊನೆಯ ಮುಂಬಲ್ಲು ನೋಡಿ. ಅದರ ಮೇಲೆ ಉದ್ದಕ್ಕೆ ಕಂದು ಗೀರು ಇಳಿಯುತ್ತಿದ್ದರೆ ಸುಮಾರು ಹತ್ತು ದಾಟಿದೆ. ಹಾಗಂತ ಬಿಡಬೇಕಿಲ್ಲ. ಹೊಸಬರಿಗೆ ಹನ್ನೆರಡರ ಶಾಂತ ತಟ್ಟು ಮೂರರ ಪುಂಡ ತಟ್ಟಿಗಿಂತ ಎಷ್ಟೋ ಮೇಲು.

ಮೂಗಿನಿಂದ ಅಂಟಂಟಾಗಿ ಸುರಿಯುತ್ತಿದ್ದರೆ, ಕಾಲಿನ ಒಳಬದಿಯಲ್ಲಿ ಸಾಲಾಗಿ ಗಂಟು ಒಡೆದಿದ್ದರೆ ಮುಟ್ಟಲೇಬೇಡಿ. ಗ್ಲಾಂಡರ್ಸ್ ಅನ್ನೋ ಅಂಟುರೋಗ ಇರಬಹುದು. ಮನುಷ್ಯರಿಗೂ ಹತ್ತುತ್ತದೆ, ಕುದುರೆಗೆ ಬಂದರೆ ಕಾನೂನು ಪ್ರಕಾರ ದಯಾಮರಣವೇ. ಚೆನ್ನಾಗಿ ಕಂಡರೂ ರಕ್ತ ಪರೀಕ್ಷೆ ಮಾಡಿಸಿ, ವರದಿ ಬಂದ ಮೇಲೆ ಬಾಕಿ ದುಡ್ಡು ಕೊಡಿ. ಬೀದರ್‌ನಲ್ಲಿ ಪಶುವೈದ್ಯ ಕಾಲೇಜೇ ಇದೆ, ಅಲ್ಲಿ ವಿಚಾರಿಸಿ. ಧನುರ್ವಾಯು ಚುಚ್ಚುಮದ್ದೂ ಹಾಕಿಸಿ.

ಲಾಳ ಕಟ್ಟುವವರನ್ನು ಮೊದಲೇ ಹುಡುಕಿಕೊಳ್ಳಿ. ಎತ್ತಿಗೆ ಕಟ್ಟುವವರಿಗೆಲ್ಲ ಕುದುರೆಯ ಗೊರಸು ಬರುವುದಿಲ್ಲ. ಭಾರದ ಲೆಕ್ಕ, ದುಡಿಯುವ ಪ್ರಾಣಿಗಳಿಗೆ ಹಿಂಸೆ ಆಗದಿರಲಿ ಅಂತ ಮಾಡಿದ 1965ರ ನಿಯಮದಲ್ಲೇ ಇದೆ: ತಟ್ಟಿನ ಎರಡು ಗಾಲಿ ಬಂಡಿಗೆ ಗಾಳಿ ಟೈರು ಇದ್ದರೆ 600 ಕಿಲೋ, ಇಲ್ಲದಿದ್ದರೆ 400. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟುವಂತಿಲ್ಲ. ನಮ್ಮಲ್ಲಿ ಏಪ್ರಿಲ್, ಮೇ ಪೂರ್ತಿ ಅದೇ ಕಥೆ ಅಲ್ವಾ?

ಕೊಂಡು ತರುವ ದಿನ ಮಾರಿದವರ ಹತ್ರವೇ ಅವರು ಹಾಕುತ್ತಿದ್ದ ಮೇವು ಒಂದೆರಡು ಚೀಲ ತನ್ನಿ. ಖುಷಿಗೆ ಮೊದಲ ದಿನವೇ ಕಡಲೆ, ಹುರುಳಿ ಸುರಿಯಬೇಡಿ. ಕುದುರೆಗೆ ವಾಂತಿ ಆಗುವುದಿಲ್ಲ, ತಿಂದದ್ದು ಹೆಚ್ಚಾದರೆ ಹೊಟ್ಟೆಶೂಲೆ ಬಂದು ಬಿದ್ದು ಹೊರಳುತ್ತದೆ. ಹಳೆ ಮೇವಿಗೆ ನಿಮ್ಮ ಮೇವು ದಿನಾ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರ ತಗೊಳ್ಳಿ, ಆಮೇಲೆ ಬಂಡಿ ಕಟ್ಟಿ.