ತೌಕ್ತೆ ಬಡಿದದ್ದು ಗುಜರಾತಿಗೆ, ಉಡುಪಿ ಕಡೆ ಅಷ್ಟು ಹಾನಿ ಯಾಕಾಯ್ತು?

ಒಳ್ಳೇ ಪ್ರಶ್ನೆ ಕೇಳಿದ್ದೀರಿ. 2021ರ ಮೇ 17ರ ರಾತ್ರಿ ತೌಕ್ತೆ ಚಂಡಮಾರುತ ದಡ ಸೇರಿದ್ದು ದಿಯು ಮತ್ತು ಊನಾ ಹತ್ತಿರ. ಅದರ ಕೇಂದ್ರ ನಮ್ಮ ಕರಾವಳಿಯನ್ನು ಮುಟ್ಟಲೇ ಇಲ್ಲ. ಆದರೆ ಅದಕ್ಕೆ ಎರಡು ದಿನ ಮೊದಲೇ ಮರವಂತೆಯಲ್ಲಿ ನಮ್ಮ ದೊಡ್ಡಮ್ಮನ ಮನೆಯ ಅಂಗಳಕ್ಕೆ ಕಡಲು ಬಂದಿತ್ತು.

ಮೇ ತಿಂಗಳಲ್ಲಿ ಅರಬ್ಬಿ ಸಮುದ್ರ ಚೆನ್ನಾಗಿ ಕಾದಿರುತ್ತದೆ. ಚಂಡಮಾರುತ ಹುಟ್ಟಲು ಮೇಲ್ಮೈ ನೀರು ಸುಮಾರು 26.5 ಡಿಗ್ರಿ ಇರಬೇಕು, ಆಗ 30ರ ಆಸುಪಾಸು ಇತ್ತು. ಬಿಸಿ ನೀರಿನ ಆವಿ ಮೇಲೇರಿ ಮೋಡವಾಗುವಾಗ ಒಳಗಿದ್ದ ಶಾಖವನ್ನು ಬಿಡುತ್ತದೆ. ಆ ಶಾಖಕ್ಕೆ ಗಾಳಿ ಇನ್ನೂ ಜೋರಾಗಿ ಮೇಲೇರುತ್ತದೆ, ಕೆಳಗೆ ಒತ್ತಡ ಇಳಿಯುತ್ತದೆ, ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ನೇರವಾಗಿ ಬರದೆ ಸುತ್ತಿಕೊಂಡು ಬರುತ್ತದೆ. ಮೇ 14ರಂದು ಲಕ್ಷದ್ವೀಪದ ಹತ್ತಿರ ವಾಯುಭಾರ ಕುಸಿತವಾಗಿದ್ದದ್ದು ಮರುದಿನವೇ ಚಂಡಮಾರುತವಾಯಿತು. ತೌಕ್ತೆ ಮ್ಯಾನ್ಮಾರ್ ಕೊಟ್ಟ ಹೆಸರು, ಲೊಚಗುಟ್ಟುವ ಹಲ್ಲಿ ಅಂತ ಅರ್ಥವಂತೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಡೆಯ ಚಂಡಮಾರುತಗಳು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತವೆ. ತೌಕ್ತೆ ಉತ್ತರಕ್ಕೆ ಹೋಗುತ್ತಿತ್ತು, ನಾವಿದ್ದದ್ದು ಅದರ ಬಲಗಡೆ. ಆ ಬದಿಯಲ್ಲಿ ಸುತ್ತುವ ಗಾಳಿಗೆ ಚಂಡಮಾರುತದ ಓಟವೂ ಸೇರಿಕೊಳ್ಳುತ್ತದೆ. ಹೀಗಾಗಿ ಅಲ್ಲಿ ಗಾಳಿಯ ಹೊಡೆತ ಜಾಸ್ತಿ. ಕೇಂದ್ರ ನಮ್ಮನ್ನು ದಾಟಿ ಗೋವಾದ ಕಡೆ ಸರಿದ ಮೇಲೆ ಗಾಳಿ ನೈರುತ್ಯದಿಂದ, ಅಂದರೆ ಸಮುದ್ರದಿಂದ ದಡಕ್ಕೆ ತಿರುಗಿತು. ಜೊತೆಗೆ ದೂರದಲ್ಲಿ ಎದ್ದ ಅಲೆಗಳೂ ನಮ್ಮ ದಡಕ್ಕೇ ಬಂದು ಬಿದ್ದವು. ಕೇಂದ್ರ ನೂರಾರು ಕಿಲೋಮೀಟರ್ ದೂರದಲ್ಲಿದ್ದರೂ ಅಲೆಗೆ ಆ ದೂರ ಲೆಕ್ಕಕ್ಕಿಲ್ಲ.

ದೊಡ್ಡಮ್ಮ ಫೋನ್ ಮಾಡಿ "ಕಡ್ಲ್ ಬಾಗ್ಲಿಗೇ ಬಂತ್ ಮಗಾ" ಅಂದಾಗ ಹಿಂದಿನಿಂದ ಕೇಳುತ್ತಿದ್ದ ಮೊರೆತ ನನಗೆ ಇವತ್ತಿಗೂ ನೆನಪಿದೆ. ಮನೆಯ ಮುಂದಿನ ಎರಡು ತೆಂಗಿನ ಮರದ ಬುಡದ ಮರಳು ಒಂದೇ ರಾತ್ರಿಯಲ್ಲಿ ಹೋಗಿತ್ತು. ಬೇರುಗಳೆಲ್ಲ ಹೊರಗೆ ಬಿದ್ದು ಜೋತಾಡುತ್ತಿದ್ದವು. ಬೆಳಗಾಗುವಷ್ಟರಲ್ಲಿ ಒಂದು ಮರ ಮಗುಚಿ ಬಿತ್ತು.

ಮುಲ್ಕಿ, ಕಾಪು ಕಡೆ ಒಂದು ಟಗ್ (ದೊಡ್ಡ ಹಡಗುಗಳನ್ನು ಎಳೆಯುವ ಚಿಕ್ಕ ಹಡಗು) ಬಂಡೆಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು. ಅದರಲ್ಲಿದ್ದ 9 ಜನರನ್ನು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕರಾವಳಿ ಕಾವಲು ಪಡೆ ಸೇರಿ ಮೇ 17ರಂದು ಉಳಿಸಿದವು. ಮುಂಬೈ ಸಮುದ್ರದಲ್ಲಿದ್ದವರಿಗೆ ಆ ಅದೃಷ್ಟ ಇರಲಿಲ್ಲ. ತೈಲ ಬಾವಿಗಳ ಹತ್ತಿರ ಪಿ-305 ಎಂಬ ಬಾರ್ಜ್, ಅಂದರೆ ಕೆಲಸಗಾರರು ಉಳಿದುಕೊಳ್ಳುವ ಚಪ್ಪಟೆ ತಳದ ದೊಡ್ಡ ನೌಕೆ, ಲಂಗರು ಕಿತ್ತುಕೊಂಡು ಮುಳುಗಿತು. ಅದರಲ್ಲಿ 261 ಜನ ಇದ್ದರು. ಆ ಬಾರ್ಜ್ ಮತ್ತು ವರಪ್ರದಾ ಎಂಬ ಟಗ್ ಸೇರಿ 86 ಜನ ಸತ್ತರು. ಮುನ್ಸೂಚನೆ ದಿನಗಳ ಮೊದಲೇ ಬಂದಿತ್ತು, ಅಷ್ಟು ಜನರನ್ನು ಯಾಕೆ ಅಲ್ಲೇ ಬಿಟ್ಟಿದ್ದರು ಅಂತ ಈಗಲೂ ಸಂಕಟವಾಗುತ್ತದೆ.

ಗುಜರಾತಿನಲ್ಲಿ 2 ಲಕ್ಷಕ್ಕಿಂತ ಜಾಸ್ತಿ ಜನರನ್ನು, ಅದೂ ಕೊರೊನಾ ನಡುವೆ, ಮೊದಲೇ ಸ್ಥಳಾಂತರಿಸಿದ್ದರು. ಹಾಗಿದ್ದೂ ಗಿರ್ ಭಾಗದ ಕೇಸರ್ ಮಾವು ಕೊಯ್ಲಿನ ಹೊತ್ತಿಗೆ ಸರಿಯಾಗಿ ನೆಲಕ್ಕೆ ಉದುರಿತು. ಬೆಳೆ ಹೋದರೆ ಒಂದು ವರ್ಷ. ಬುಡಸಮೇತ ಬಿದ್ದ ಮಾವಿನ ಮರ ಮತ್ತೆ ಬೆಳೆಯಲು ಎಷ್ಟು ವರ್ಷ ಬೇಕು, ಅಲ್ವಾ?

ಕಡಲ ಬದಿಯಲ್ಲಿ ಮನೆ ಇದ್ದರೆ ಚಂಡಮಾರುತ "ನಮ್ಮೂರಿಗೆ ಬರಲ್ಲ" ಅಂತ ಸುಮ್ನೆ ಕೂರಬೇಡಿ. ಅದರ ದಾರಿಯ ಜೊತೆಗೆ ಅಲೆಯ ಎತ್ತರದ ಎಚ್ಚರಿಕೆಯನ್ನೂ ನೋಡಿ. ಬಾವಿಗೆ ಉಪ್ಪುನೀರು ನುಗ್ಗುವ ಮೊದಲು ಕುಡಿಯುವ ನೀರು ತುಂಬಿಡಿ. ದೊಡ್ಡಮ್ಮ ಅದನ್ನು ಮಾಡಿರಲಿಲ್ಲ. ಮರುದಿನ ಮಾಡಿದ ಗಂಜಿಗೆ ಉಪ್ಪು ಹಾಕುವುದೇ ಬೇಕಾಗಲಿಲ್ಲ ಅಂದರು.