ಆಕ್ಸಿಡೆಂಟ್ ಕೇಸಲ್ಲಿ ತಪ್ಪೊಪ್ಪಿಕೊಂಡು ಫೈನ್ ಕಟ್ಟಿಬಿಡಬಹುದಾ?

ನಿಮ್ಮ ತಮ್ಮನ ಬೈಕು ಚಿಂತಾಮಣಿ–ಕೈವಾರ ರಸ್ತೆಯಲ್ಲಿ ಒಬ್ಬ ಅಜ್ಜನಿಗೆ ತಗುಲಿ ಅವರ ಮೊಣಕೈ ಮೂಳೆ ಮುರಿದಿದೆ, ಪೊಲೀಸರು ಬಿಎನ್‌ಎಸ್ (ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 281 ಮತ್ತು 125(ಬಿ) ಹಾಕಿದ್ದಾರೆ, ಕೋರ್ಟಿಗೆ ಹೋಗಿ ತಪ್ಪೊಪ್ಪಿಕೊಂಡು ಫೈನ್ ಕಟ್ಟಿದರೆ ಒಂದೇ ದಿನಕ್ಕೆ ಮುಗಿಯುತ್ತದೆ ಅಂತ ಯಾರೋ ಹೇಳಿದ್ದಾರೆ, ಅವನು ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದಾನೆ, ಏನು ಮಾಡಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಒಪ್ಪಿಕೊಳ್ಳುವುದು ಬೇಡ. ನಾನು ಇದೇ ಜಿಲ್ಲೆಯ ಕೋರ್ಟುಗಳಲ್ಲಿ ವಕೀಲಿ ಮಾಡುತ್ತೇನೆ. ಕಾಗದ ಓದದೆ ಒಪ್ಪಿಕೊಂಡುಬಿಟ್ಟ ಹುಡುಗರು ಆಮೇಲೆ ಪೊಲೀಸ್ ವೆರಿಫಿಕೇಶನ್ ಹೊತ್ತಿಗೆ ಗಾಬರಿಯಿಂದ ಬರುತ್ತಾರೆ, ನೋಡಿದರೆ ಸಂಕಟವಾಗುತ್ತದೆ.

ಹೆಲ್ಮೆಟ್ ಇಲ್ಲ ಅಂತ ರಸ್ತೆಯಲ್ಲಿ ದಂಡ ಕಟ್ಟಿದರೆ ಅದು ಅಲ್ಲಿಗೇ ಮುಗಿಯುತ್ತದೆ. ಇದು ಹಾಗಲ್ಲ. ಇಲ್ಲಿ ಜಡ್ಜ್ ಮುಂದೆ ‘ಹೌದು, ತಪ್ಪು ಮಾಡಿದೆ’ ಅಂದರೆ ಫೈನ್ ಎಷ್ಟೇ ಕಡಿಮೆ ಇರಲಿ, ಅವನು ಅಪರಾಧಿ ಅಂತ ತೀರ್ಪಾಗುತ್ತದೆ. 281 ಅಂದರೆ ಅಡ್ಡಾದಿಡ್ಡಿ ಓಡಿಸಿದ್ದು, ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೂಳೆ ಮುರಿದರೆ ಕಾನೂನಿನಲ್ಲಿ ಅದು ಭಾರಿ ಗಾಯ, ಅದಕ್ಕೇ 125(ಬಿ) ಬಂದಿದೆ. ಅದರಲ್ಲಿ ಮೂರು ವರ್ಷದವರೆಗೆ ಹೋಗಬಹುದು. ಎರಡಕ್ಕೂ ಜಾಮೀನು ಹಕ್ಕಿನಿಂದಲೇ ಸಿಗುತ್ತದೆ, ಆ ಭಯ ಬೇಡ. ಶ್ಯೂರಿಟಿ, ಅಂದರೆ ಜಾಮೀನು ನಿಲ್ಲುವವರನ್ನು ಕೇಳಿದರೆ ಪಹಣಿ, ಆಧಾರ್ ಇರುವ ಒಬ್ಬ ನೆಂಟರನ್ನು ಕರೆದುಕೊಂಡು ಹೋಗಿ.

ಚಾರ್ಜ್‌ಶೀಟಿನ ಎಲ್ಲಾ ಕಾಗದಗಳನ್ನೂ ಆರೋಪಿಗೆ ಪುಕ್ಕಟೆ ಕೊಡಲೇಬೇಕು, ಕೇಳಿ ಪಡೆಯಿರಿ. ಮೊದಲು ಸ್ಥಳದ ನಕ್ಷೆ ನೋಡಿ. ಒಂದು ಪುಟದ ಕೈಬರಹದ ಚಿತ್ರ ಅಷ್ಟೇ, ಆದರೆ ಅರ್ಧ ಕೇಸು ಅದರಲ್ಲೇ ಇರುತ್ತದೆ. ಡಿಕ್ಕಿಯಾದ ಜಾಗಕ್ಕೆ ಗುರುತು ಹಾಕಿರುತ್ತಾರೆ. ಅದು ರಸ್ತೆಯ ಎಡ ಅಂಚಿನಲ್ಲಿದೆಯಾ, ನಡುವೆ ಇದೆಯಾ? ಬ್ರೇಕ್ ಹಾಕಿದ ಗುರುತು ತೋರಿಸಿದ್ದಾರಾ? ಆಮೇಲೆ ಸಾಕ್ಷಿಗಳ ಹೇಳಿಕೆ ಓದಿ. ಬರೀ ‘ಜೋರಾಗಿ ಬಂದ’ ಅಂತ ಇದ್ದರೆ ಸಾಲದು, ಯಾವ ರೀತಿ ಅಜಾಗರೂಕತೆ ಅಂತ ಸರ್ಕಾರದ ಕಡೆಯವರು ಸಾಬೀತು ಮಾಡಬೇಕು. ಆರ್‌ಟಿಓದವರ ವಾಹನ ತಪಾಸಣೆ ವರದಿ, ಆಸ್ಪತ್ರೆಯ ಗಾಯದ ಸರ್ಟಿಫಿಕೇಟ್ ಕೂಡ ಇರುತ್ತವೆ. ಇಷ್ಟು ನೋಡಿದ ಮೇಲೆ ಹೋರಾಡಬೇಕಾ ಬೇಡವಾ ಅಂತ ನಿಮಗೇ ಗೊತ್ತಾಗುತ್ತದೆ.

ರಾಜಿಗೂ ದಾರಿ ಇದೆ. ಅಜ್ಜ ಒಪ್ಪಿದರೆ ಕೋರ್ಟಿನ ಅನುಮತಿ ಪಡೆದು 125(ಬಿ) ರಾಜಿ ಮಾಡಬಹುದು, ಆದರೆ 281 ರಾಜಿಯ ಪಟ್ಟಿಯಲ್ಲಿ ಇಲ್ಲ, ಅದನ್ನು ರದ್ದು ಮಾಡಿಸಲು ಹೈಕೋರ್ಟಿಗೆ ಹೋಗಬೇಕಾಗುತ್ತದೆ. ನಿಜವಾಗಿ ತಪ್ಪು ಅವನದೇ, ಒಪ್ಪಿಕೊಳ್ಳಲೇಬೇಕು ಅಂತಾದರೆ 1958ರ ಪ್ರೊಬೇಷನ್ ಕಾಯ್ದೆಯಲ್ಲಿ (ಶಿಕ್ಷೆ ಕೊಡದೆ ಸನ್ನಡತೆಯ ಮೇಲೆ ಬಿಡುವ ಕಾನೂನು) ಬಿಡುಗಡೆ ಕೇಳಿ. ಹಾಗೆ ಬಿಟ್ಟರೆ ಶಿಕ್ಷೆಯಿಂದ ಬರುವ ಅನರ್ಹತೆ ತಗಲುವುದಿಲ್ಲ ಅಂತ ಅದರ 12ನೇ ಸೆಕ್ಷನ್ ಹೇಳುತ್ತದೆ. ನೇಮಕಾತಿಯವರು ನಡತೆ ನೋಡುವುದನ್ನು ಮಾತ್ರ ಅದು ತಡೆಯುವುದಿಲ್ಲ.

ಇನ್ನೊಂದು. ಅರ್ಜಿಯಲ್ಲಿ ‘ಕೇಸ್ ಇದೆಯಾ’ ಅಂತ ಕೇಳಿದ ಕಡೆ ಇದೆ ಅಂತಲೇ ಬರೆಯಲಿ. ಮುಚ್ಚಿಟ್ಟರೆ ಅದೇ ಕಾರಣಕ್ಕೆ ಕೆಲಸ ಹೋಗಬಹುದು, 2016ರಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಸ್ಪಷ್ಟವಾಗಿ ಹೇಳಿದೆ. ಸಣ್ಣ ಕೇಸು ಬಾಕಿ ಇದೆ ಅಂತ ನಿಜ ಬರೆದವರನ್ನು ಪರಿಗಣಿಸಲು ಅದೇ ತೀರ್ಪಿನಲ್ಲಿ ಅವಕಾಶ ಇದೆ.

ಅಜ್ಜನನ್ನು ಮರೆಯಬೇಡಿ. ಬೈಕಿನ ಇನ್ಶೂರೆನ್ಸ್, ತಮ್ಮನ ಡಿಎಲ್ ಚಾಲ್ತಿಯಲ್ಲಿ ಇದ್ದರೆ ಪರಿಹಾರ ಕೊಡುವುದು ಇನ್ಶೂರೆನ್ಸ್ ಕಂಪನಿ. ಅಪಘಾತವಾಗಿ ಆರು ತಿಂಗಳೊಳಗೆ ಅಜ್ಜ ಪರಿಹಾರಕ್ಕೆ ಅರ್ಜಿ ಹಾಕಬೇಕು. ಪಾಲಿಸಿ ಕಾಪಿ ನೀವೇ ಅವರ ಮನೆಗೆ ತಲುಪಿಸಿ. ಆ ವಯಸ್ಸಿನಲ್ಲಿ ಕೈ ಮುರಿದರೆ ತುಂಬಾ ಕಷ್ಟ ಅಲ್ವಾ.

ವಕೀಲರಿಗೆ ದುಡ್ಡಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಅಥವಾ ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವೆಗಳ ಕಚೇರಿಗೆ ಹೋಗಿ. ವಾಯಿದೆ ಮಾತ್ರ ತಪ್ಪಿಸಬೇಡಿ, ವಾರಂಟ್ ಆಗುತ್ತದೆ. ಚಾರ್ಜ್‌ಶೀಟ್ ಕೈಗೆ ಬಂದ ಮೇಲೆ ನಕ್ಷೆಯಲ್ಲಿ ಏನಿದೆ ಅಂತ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ. ಹೆಸರು, ಗಾಡಿ ನಂಬರ್ ಹಾಕಬೇಡಿ.